ಬೀಳುವುದನ್ನು ಕಲಿಸಿದವರು

ಬಲಗೈಯ ಬೆರಳುಗಳು ಎಡಗೈಯ ಬೆರಳುಗಳ ಮೇಲೆ ಕೂರಲೇ ಇಲ್ಲ. ಶವಪೆಟ್ಟಿಗೆ ತಂದಿದ್ದ ಅಂಗಡಿಯವನು ಮೂರನೆಯ ಸಲ ಒತ್ತಿ ಜೋಡಿಸಿ ಕೈ ತೆಗೆದ. ಕಿರುಬೆರಳು ಮತ್ತೆ ಹೊರಕ್ಕೆ ಚಾಚಿಕೊಂಡಿತು. ಉಂಗುರದ ಬೆರಳು ಅದರ ಹಿಂದೆಯೇ ಎದ್ದಿತು.

"ಒಂದು ದಾರ ಕಟ್ಟಿಬಿಡ್ಲಾ ಅಮ್ಮ? ಮೇಲೆ ಬಟ್ಟೆ ಹೊದಿಸಿದ್ರೆ ಕಾಣೋಲ್ಲ."

"ಬೇಡ," ಎಂದರು ಮೇಷ್ಟ್ರ ಹೆಂಡತಿ. "ಬದುಕಿದ್ದಾಗಲೇ ನೆಟ್ಟಗಿರ್ಲಿಲ್ಲ. ಈಗ್ಯಾಕೆ? ಹಾಗೇ ಇರ್ಲಿ ಬಿಡಿ."

"ಏನಾಗಿತ್ತು? ಮಿಷನ್ನಿಗೆ ಸಿಕ್ಕಿತ್ತಾ?"

"ಚೆಂಡಿಗೆ."

ಅಂಗಡಿಯವನು ತಲೆಯಾಡಿಸಿದ, ಅರ್ಥವಾಗಲಿಲ್ಲ. ಅವನಿಗೆ ಕೊಟ್ಟ ಚೀಟಿಯಲ್ಲಿ ಸತ್ತವರ ಕಸುಬು 'ಪುಸ್ತಕದ ಬೈಂಡರ್' ಎಂದಿತ್ತು. ಅದು ನಿಜವೇ. ಮೇಷ್ಟ್ರು ಮೂವತ್ತೆಂಟು ವರ್ಷ ಒಂದೇ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ಬೆನ್ನು ಕಟ್ಟಿದವರು. ಆದರೆ ಐದು ಗಂಟೆಗೆ ಅಂಟಿನ ಕೈ ತೊಳೆದುಕೊಂಡರೆ ನೇರ ಹೋಗುತ್ತಿದ್ದದ್ದು ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ. ಅಲ್ಲಿ ಅವರು ಗೋಲ್‌ಕೀಪರ್‌ಗಳಿಗೆ ಮೇಷ್ಟ್ರು. ತಂಡದ ಕೋಚುಗಳು ಹನ್ನೊಂದು ಮಂದಿ ಬಂದರು, ಹೋದರು. ಗೋಲಿನ ಹಿಂದೆ ನಿಲ್ಲುವ ಮೇಷ್ಟ್ರು ಮಾತ್ರ ಬದಲಾಗಲಿಲ್ಲ.

ಹಜಾರದಲ್ಲಿ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಕ್ಲಬ್ಬಿನಿಂದ ತಂದ ಎರಡು ಬೆಂಚುಗಳ ಮೇಲೆ ಪೆಟ್ಟಿಗೆ ಇರಿಸಿದ್ದರು. ಎಷ್ಟು ಗುಡಿಸಿದರೂ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ದಾರದ ತುಂಡು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಅಪ್ಪನ ಕಾಲಬಳಿ ನಿಂತು ಹೊದಿಕೆಯ ಅಂಚು ಮಡಿಸುತ್ತಿದ್ದಳು, ರೋಗಿಯ ಹಾಸಿಗೆಗೆ ಮಡಿಸುವ ಹಾಗೆ.

"ಬೆಕ್ಕಿಗೆ ಹೇಳಿದ್ಯಾ?" ಎಂದು ತಾಯಿ ಕೇಳಿದರು.

"ಮೊನ್ನೇನೇ ಹೇಳ್ದೆ. ಹೊರೋದಕ್ಕೂ ಬರ್ತೀನಿ ಅಂದ್ರು. ಎಡಗಡೆ ಹೆಗಲು ಗಟ್ಟಿಯಾಗೇ ಇದೆ ಅಂದ್ರು."

ತಾಯಿ ಬಗ್ಗಿ ನೆಲದಿಂದ ಒಂದು ದಾರದ ತುಂಡು ಹೆಕ್ಕಿದರು. "ಅವನಿಗೆ ಹೇಳ್ಬೇಕಲ್ಲ, ಆ ವಿಷಯ."

"ಅಮ್ಮ, ಇವತ್ತು ಬೇಡ."

"ಮತ್ತೆ ಯಾವತ್ತು? ಇವತ್ತು ಬೇಡ, ಇವತ್ತು ಬೇಡ ಅಂತಾನೇ ಇವರು ಇಪ್ಪತ್ತೈದು ವರ್ಷ ಕಳೆದ್ರು."

ಬಾಗಿಲ ಹೊರಗೆ ಚಪ್ಪಲಿಗಳ ಸದ್ದು ಶುರುವಾಗಿತ್ತು.

*

ಬೆಕ್ಕಿಗೆ ಆಗ ಹದಿನೇಳು. ಹೇಗೆ ಎಸೆದರೂ ನಾಲ್ಕು ಕಾಲಿನ ಮೇಲೇ ಇಳಿಯುತ್ತಾನೆ ಎಂದು ಮೈದಾನದಲ್ಲಿ ಯಾರೋ ಇಟ್ಟ ಹೆಸರು. ಮೇಷ್ಟ್ರಿಗೆ ನಲವತ್ತು. ಅವರ ಕಂಠಕ್ಕೆ ಗಿರಣಿಯ ಸೈರನ್ನೂ ನಾಚಬೇಕು. ಆ ಕಾಲಕ್ಕೆ ಅವರು ಕಲಿಸುತ್ತಿದ್ದದ್ದು ಒಂದೇ ಪಾಠ: "ತಲೆ ಹೋದ್ರೂ ಸರಿ, ಗೋಲು ಹೋಗ್ಬಾರ್ದು!" ಹುಡುಗರನ್ನು ಗಟ್ಟಿ ನೆಲದ ಮೇಲೆ ಬೀಳಿಸುವರು, ಆರಡಿ ದೂರದಿಂದ ಎದೆಗೆ ಚೆಂಡು ಒದೆಯುವರು, ಓಡಿಬರುವವನ ಕಾಲಿಗೆ ತಲೆ ಮುಂದೆ ಮಾಡಿ ನುಗ್ಗಿಸುವರು. ಅವರಿಗೂ ಅವರ ಮೇಷ್ಟ್ರು ಹಾಗೆಯೇ ಕಲಿಸಿದ್ದರು. ಸೊಟ್ಟ ಬೆರಳುಗಳು ಆ ಪಾಠದ ಫಲ. ಅವನ್ನು ಎತ್ತಿ ತೋರಿಸಿ, "ಇದು ನನ್ನ ಸರ್ಟಿಫಿಕೇಟು" ಎನ್ನುತ್ತಿದ್ದರು.

ಅದು ಸೆಮಿಫೈನಲ್. ಕ್ಲಬ್ಬು ಒಂದು ಗೋಲು ಮುಂದಿತ್ತು. ಎದುರಾಳಿ ಒಬ್ಬನೇ ಚೆಂಡು ತಳ್ಳಿಕೊಂಡು ನುಗ್ಗಿ ಬಂದ. ಹಿಂದಿನಿಂದ ಮೇಷ್ಟ್ರು ಕೂಗಿದರು. ಬೆಕ್ಕು ಹಿಂದೆಮುಂದೆ ನೋಡಲಿಲ್ಲ, ನೆಲಕ್ಕೆ ಹಾರಿ ಚೆಂಡು ತಬ್ಬಿಕೊಂಡ. ಬಂದವನ ಮಂಡಿ ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು.

ಮೇಷ್ಟ್ರು ಬಕೆಟ್ಟು, ಸ್ಪಂಜು ಹಿಡಿದು ಓಡಿದರು. ಹುಡುಗ ಕಣ್ಣು ಬಿಟ್ಟ. ಎದ್ದು ಕೂತ. ಚೆಂಡು ಇನ್ನೂ ಅವನ ತೋಳಿನಲ್ಲೇ ಇತ್ತು.

"ಮೇಷ್ಟ್ರೇ, ಎರಡೆರಡು ಚೆಂಡು ಕಾಣ್ತಿದೆ."

"ಒಳ್ಳೇದೇ ಆಯ್ತು," ಎಂದರು ಮೇಷ್ಟ್ರು, ಅವನ ಬೆನ್ನಿಗೆ ಒದ್ದೆ ಸ್ಪಂಜಿನಿಂದ ಬಡಿದು. "ಎರಡನ್ನೂ ಹಿಡಿ."

ಸುತ್ತ ನಿಂತವರು ನಕ್ಕರು. ಹುಡುಗನೂ ನಕ್ಕ. ಇನ್ನು ಇಪ್ಪತ್ತು ನಿಮಿಷದ ಆಟ ಇತ್ತು. ಬದಲಿ ಕೀಪರ್ ಬೂಟಿನ ದಾರ ಬಿಗಿದುಕೊಂಡು ಬೆಂಚಿನ ಮೇಲೆ ತಯಾರಾಗಿ ಕೂತಿದ್ದ. ಮೇಷ್ಟ್ರು ಅವನ ಕಡೆ ನೋಡಲಿಲ್ಲ.

ಹದಿನೆಂಟು ನಿಮಿಷ ಕಳೆದಿತ್ತು. ಮೂಲೆಯಿಂದ ಬಂದ ಚೆಂಡಿಗೆ ಎಲ್ಲರೂ ಒಟ್ಟಿಗೆ ಎಗರಿದಾಗ ತನ್ನದೇ ತಂಡದವನ ಹೆಗಲು ಬೆಕ್ಕಿನ ತಲೆಗೆ ತಾಗಿತು. ತಾಗಿತು ಅಷ್ಟೇ, ಮಗುವೂ ಅಳದಂಥ ತಾಕು. ಬೆಕ್ಕು ನೆಟ್ಟಗೆ ನಿಂತ. ಮನೆ ಹುಡುಕುವವನ ಹಾಗೆ ಗೋಲುಕಂಬದ ಕಡೆಗೆ ಎರಡು ಹೆಜ್ಜೆ ಇಟ್ಟು, ಬಿದ್ದ. ಹಾಗೆ ಬೀಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಹತ್ತೊಂಬತ್ತು ದಿನಗಳ ಮೇಲೆ ಆಸ್ಪತ್ರೆಯಲ್ಲಿ ಎಚ್ಚರವಾಯಿತು. ಜೀವ ಉಳಿಯಿತು. ಬಲಗೈ ಪೂರ್ತಿ ವಾಪಸ್ ಬರಲಿಲ್ಲ, ಬಲಗಾಲು ಎಳೆಯತೊಡಗಿತು, ಮಾತು ಬರುವುದಕ್ಕೆ ಹೊತ್ತು ಹಿಡಿಯತೊಡಗಿತು. ಪಂದ್ಯದ ದಿನ ಬೆಳಿಗ್ಗೆ ಹಲ್ಲುಜ್ಜಿದ್ದು ಅವನಿಗೆ ನೆನಪಿತ್ತು. ಅದರಾಚೆಗೆ ಏನೂ ಇಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತ್ತು. ಬಂದವರಲ್ಲಿ ಅರ್ಧಕ್ಕರ್ಧ ಎತ್ತರದವರೇ. ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದರು. ಬೇರೆ ಬೇರೆ ಕಾಲದಲ್ಲಿ ಮೇಷ್ಟ್ರ ಕೈಯಲ್ಲಿ ಪಳಗಿದ ಕೀಪರ್‌ಗಳು. ಒಬ್ಬ ಬಸ್ ಡ್ರೈವರ್, ಒಬ್ಬ ಶಾಲೆ ಮೇಷ್ಟ್ರು, ಒಬ್ಬ ಗಾಜು ಕೂರಿಸುವವನು.

"ಆರು ಜನ ಕೀಪರ್‌ಗಳೇ ಹೊರ್ತಾರಂತೆ," ಎಂದ ಗಾಜಿನವನು.

"ಹಾಗಾದ್ರೆ ಕೆಳಗೆ ಬೀಳ್ಸೋಲ್ಲ ಬಿಡು."

"ಯಾಕೆ, ನೀನೂ ಇದ್ದೀಯಲ್ಲ ಆ ಆರು ಜನದಲ್ಲಿ? ಫೈನಲ್‌ನಲ್ಲಿ ಎದೆ ಮೇಲಿದ್ದ ಚೆಂಡು ಬಿಟ್ಟೋನು!"

ಮೆಲ್ಲಗೆ ನಕ್ಕರು, ನಕ್ಕಿದ್ದಕ್ಕೆ ಆ ಕಡೆ ಈ ಕಡೆ ನೋಡಿದರು.

ಬೆಕ್ಕು ಬಂದಾಗ ಯಾರೂ ಗಮನಿಸಲಿಲ್ಲ. ನಲವತ್ತೆಂಟರ ಆತ ಊರಿನ ಇನ್ನೊಂದು ತುದಿಯ ಪಂಪ್‌ಹೌಸ್‌ನಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದ. ಬಿದ್ದ ದಿನದಿಂದ ಮೈದಾನದ ಕಡೆ ಕಾಲಿಟ್ಟವನಲ್ಲ, ಹಾಗಾಗಿ ಅಲ್ಲಿದ್ದವರಲ್ಲಿ ಅವನ ಮುಖ ಕಂಡು ಬಲ್ಲವರು ಇಬ್ಬರೋ ಮೂವರೋ. ಮೈದಾನ ನೋಡಿಕೊಳ್ಳುವ ಮುದುಕ ಎದ್ದು ಅವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಮಗಳು ಚಹಾ ತಂದು ಅವನ ಎಡಗೈಗೆ ಕೊಟ್ಟಳು.

"ಕೂತ್ಕೊಳ್ಳಿ ಅಣ್ಣ. ಹೊರಡೋಕೆ ಇನ್ನೂ ಹೊತ್ತಿದೆ."

"ನಿನ್ನೆ... ಶುಕ್ರವಾರ," ಎಂದ ಬೆಕ್ಕು. "ನಾನು ಚಹಾ ಇಟ್ಟಿದ್ದೆ. ಎರಡು ಲೋಟ. ಅಭ್ಯಾಸ ನೋಡು."

*

ಸತ್ಯ ಮನೆಯೊಳಗೆ ಬಂದದ್ದು ಮಗಳ ಪುಸ್ತಕದಿಂದ. ಬೆಕ್ಕು ಬಿದ್ದು ಆರು ವರ್ಷವಾಗಿತ್ತು. ಅವಳು ನರ್ಸಿಂಗ್ ಓದುತ್ತಿದ್ದಳು. ಒಂದು ಸಂಜೆ ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅಮ್ಮ ಯಂತ್ರ ತುಳಿಯುತ್ತಿದ್ದರು. ಅಪ್ಪ ಯಾರದೋ ಹಳೆಯ ನಿಘಂಟಿಗೆ ಅಂಟು ಬಳಿಯುತ್ತಿದ್ದರು.

"ತಲೆಗೆ ಪೆಟ್ಟು ಬಿದ್ದ ಮೇಲೆ ಮಂಕು ಕವಿಯುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಕಂಡುಬಂದರೆ ವ್ಯಕ್ತಿಯನ್ನು ಕೂಡಲೇ ಆಟದಿಂದ ಹೊರತರಬೇಕು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು, ಎಷ್ಟೇ ಹಗುರವಾಗಿದ್ದರೂ..."

"ಇನ್ನೊಂದ್ಸಲ ಓದು," ಎಂದರು ಅಪ್ಪ.

ಓದಿದಳು.

"ಎರಡೆರಡಾಗಿ ಅಂತ ಬರೆದಿದ್ಯಾ?"

"ಹೂಂ ಅಪ್ಪ. ಯಾಕೆ?"

ಅವರ ಕುಂಚದಲ್ಲಿ ಅಂಟು ಒಣಗಿ ಕಲ್ಲಾಯಿತು. ಅಲ್ಲಿಯವರೆಗೆ ಅದೊಂದು ಕೆಟ್ಟ ಗಳಿಗೆ ಎಂದುಕೊಂಡಿದ್ದರು. ಅವತ್ತು ಮಲಗುವ ಮುನ್ನ ಹೆಂಡತಿಗೆ, ಮಗಳಿಗೆ ಎಲ್ಲ ಹೇಳಿದರು. ಸ್ಪಂಜು, ನಗು, ಬೆಂಚಿನ ಮೇಲೆ ಕೂತಿದ್ದ ಬದಲಿ ಹುಡುಗ, ಒಂದನ್ನೂ ಬಿಡದೆ.

ಮೂರು ದಿನ ಮೈದಾನಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಹೋಗಿ ಎಲ್ಲ ಕೀಪರ್‌ಗಳನ್ನೂ ಮರಳಿನ ಮೇಲೆ ಕೂರಿಸಿ, "ಇಲ್ಲೀವರೆಗೆ ನಾನು ಕಲಿಸಿದ್ದನ್ನ ಮರೆತುಬಿಡಿ" ಎಂದರು.

ಅಂದಿನಿಂದ ಹೊಸಬರಿಗೆ ಮೊದಲ ಒಂದು ತಿಂಗಳು ಚೆಂಡೇ ಇಲ್ಲ. ಬರೀ ಬೀಳುವುದು. ಮೊದಲು ಕೂತಲ್ಲಿಂದ, ಆಮೇಲೆ ಮಂಡಿಯೂರಿ, ಆಮೇಲೆ ನಿಂತು. ಮೀನಖಂಡದ ಪಕ್ಕ, ತೊಡೆಯ ಪಕ್ಕ, ಪಕ್ಕೆಲುಬು, ಹೆಗಲು, ಈ ಕ್ರಮದಲ್ಲಿ ನೆಲ ಮುಟ್ಟಬೇಕು. ಮೊಣಕೈ ಊರಿದರೆ ಬೈಗುಳ. "ಚಾಪೆ ಬಿಚ್ಚೋ ಹಾಗೆ ಬೀಳು, ಮೂಟೆ ಹಾಗಲ್ಲ!" ಕಾಲಿಗೆ ನುಗ್ಗುವಾಗ ಕೈ ಮೊದಲು, ಮುಖ ಕೈಯ ಹಿಂದೆ. ಮೇಲಕ್ಕೆ ಎಗರಿದರೆ ಒಂದು ಮಂಡಿ ಮುಂದೆ. 'ನನ್ನದು' ಎಂಬ ಕೂಗು ಪಕ್ಕದ ಬೀದಿಗೆ ಕೇಳಬೇಕು. ದಿನಕ್ಕೆ ಇಷ್ಟೇ ಜಿಗಿತ, ಆಮೇಲೆ ಹೆಗಲಿಗೆ ರಜೆ. ಹೆಂಡತಿ ಹಳೆಯ ಹತ್ತಿ ತುಂಬಿ ಚಡ್ಡಿಗಳ ಸೊಂಟಕ್ಕೆ ಮೆತ್ತೆ ಹೊಲಿದುಕೊಟ್ಟರು. ಬೇರೆ ಕ್ಲಬ್ಬಿನವರು ಬೇಲಿ ಆಚೆ ನಿಂತು, "ಏನ್ ಮೇಷ್ಟ್ರೇ, ಹುಡುಗರಿಗೆ ಮಲಗೋದು ಕಲಿಸ್ತಿದ್ದೀರಾ?" ಎಂದು ಕಿಚಾಯಿಸಿದರು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮತ್ತೊಂದು ಕಟ್ಟಳೆ. ತಲೆಗೆ ಪೆಟ್ಟು ಬಿದ್ದವರು ಹೊರಗೆ. "ಕೇಳ್ಬೇಡಿ. ಕೇಳಿದ್ರೆ ಏನೂ ಆಗಿಲ್ಲ ಅಂತಾನೆ. ಕೀಪರ್ ಅನ್ನೋನು ಹುಟ್ಟು ಸುಳ್ಳ." ಪೆಟ್ಟು ಬಿದ್ದ ಕ್ಷಣವೇ ಗೋಲಿನ ಹಿಂದಿನಿಂದ "ಹೊರಗೆ!" ಎಂಬ ಕೂಗು ಬರುತ್ತಿತ್ತು. ಆ ಕಂಠಕ್ಕೆ ಎದುರಾಡಲು ಯಾವ ಕೋಚಿಗೂ ಧೈರ್ಯವಿರಲಿಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಒಬ್ಬ ಹುಡುಗನ ಕತೆ ಹೇಳುತ್ತಿದ್ದರು. ಹೆಸರು ಮಾತ್ರ ಹೇಳುತ್ತಿರಲಿಲ್ಲ.

ಹೇಳಬೇಕಾದವನಿಗೆ ಹೇಳಲು ಶುಕ್ರವಾರ ಶುಕ್ರವಾರ ಬಸ್ಸು ಹತ್ತುತ್ತಿದ್ದರು. ಪಂಪ್‌ಹೌಸ್‌ನ ಮೋಟಾರು ಗೊರಗುಟ್ಟುತ್ತಿರುತ್ತಿತ್ತು. ಇಬ್ಬರೂ ಇಸ್ಪೀಟು ಆಡುತ್ತಿದ್ದರು. ಬೆಕ್ಕು ಒಂದೇ ಕೈಯಲ್ಲಿ ಎಲೆ ಹಿಡಿಯಲಾರನೆಂದು ಮೇಷ್ಟ್ರು ದಪ್ಪ ರಟ್ಟಿನಲ್ಲಿ ಸೀಳು ಕೊರೆದು, ಎಲೆಗಳು ಸಾಲಾಗಿ ನಿಲ್ಲುವಂಥ ಚೌಕಟ್ಟು ಮಾಡಿಕೊಟ್ಟಿದ್ದರು. ಅಂಚಿಗೆ ಕೆಂಪು ಬಟ್ಟೆಯ ಬೈಂಡಿಂಗು. ಬೆಕ್ಕು ಗೆದ್ದರೆ ಮೇಜು ಗುದ್ದಿ ನಗುತ್ತಿದ್ದ. ಮೇಷ್ಟ್ರು ಎಲೆ ಕಲಸಿ ಮತ್ತೆ ಹಂಚುತ್ತಿದ್ದರು. ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು.

*

ಅಂಗಳದಲ್ಲಿ ಮಾತು ಮೇಷ್ಟ್ರ ಬೈಗುಳಗಳಿಂದ ಅವರ ಪಾಠಗಳ ಕಡೆಗೆ ಹೊರಳಿತು. ಬಸ್ ಡ್ರೈವರ್‌ಗೆ ಮೈದಾನದಲ್ಲಿ 'ಏಣಿ' ಎಂದು ಹೆಸರು. ಕೆಲಸದ ಮೇಲೆ ಬೇರೆ ಊರು ಸೇರಿ ಎಷ್ಟೋ ವರ್ಷವಾಗಿತ್ತು. ಕಣ್ಣು ಕೆಂಪಗಿದ್ದರೂ ಮಾತಿನ ಮಲ್ಲ.

"ನಾನು ಸೇರಿದ ದಿನ ಮರಳಲ್ಲಿ ಕೂರಿಸ್ಕೊಂಡು ಒಂದು ಕತೆ ಹೇಳಿದ್ರು. ನಿಮಗೂ ಹೇಳಿರ್ಬೇಕು."

"ಹೂಂ, ನನಗೂ," ಎಂದ ಗಾಜಿನವನು.

ಮೈದಾನದ ಮುದುಕ ಜೋರಾಗಿ ಕೆಮ್ಮಿದ. ಏಣಿ ಆ ಕಡೆ ನೋಡಲಿಲ್ಲ.

"ಒಬ್ಬ ಹುಡುಗ ಇದ್ನಂತೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡೋನು. ತಲೆಗೆ ಮಂಡಿ ಬಿತ್ತಂತೆ. ಮೇಷ್ಟ್ರೇ, ಎರಡು ಚೆಂಡು ಕಾಣ್ತಿದೆ ಅಂದ್ನಂತೆ. ಇವರು ಏನಂದ್ರು ಗೊತ್ತಾ? ಎರಡನ್ನೂ ಹಿಡಿ. ಹಾಗಂದು ನಕ್ಕು, ಅವನನ್ನ ಅಲ್ಲೇ ನಿಲ್ಲಿಸಿ ಬಂದ್ರಂತೆ. ಹೇಳುವಾಗ ನನ್ನ ಕೈ ಹಿಡ್ಕೊಂಡಿದ್ರು ಕಣ್ರೋ. 'ಹುಡುಗ ಸರಿಯಾಗೇ ಬಿದ್ದಿದ್ದ, ತಪ್ಪಿದ್ದು ನಾನು' ಅಂದ್ರು."

ಒಳಗಿನಿಂದ ಮಗಳು ಓಡಿ ಬಂದಳು. ಅಷ್ಟರಲ್ಲಿ ತಡವಾಗಿತ್ತು.

"ಆಮೇಲೆ ಆ ಹುಡುಗ ಏನಾದ ಅಂತ ಕೇಳಿದ್ರೆ ಮಾತ್ರ ಬಾಯಿ ಬಿಡ್ತಿರ್ಲಿಲ್ಲ," ಎಂದು ಏಣಿ ಮುಗಿಸಿದ.

"ಬದುಕಿದಾನೆ," ಎಂದ ಬೆಕ್ಕು.

ಎಲ್ಲರೂ ತಿರುಗಿದರು. ಅವನು ಚಹಾದ ಲೋಟವನ್ನು ಜೋಪಾನವಾಗಿ ನೆಲದ ಮೇಲಿಟ್ಟ. ಮುಂದಿನ ಮಾತು ಬರಲು ಹೊತ್ತು ಹಿಡಿಯಿತು.

"ಪಂಪ್‌ಹೌಸ್‌ನಲ್ಲಿ ಕೆಲಸ."

ಏಣಿಯ ಕಣ್ಣು ಅವನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಬಲಗೈ ಮೇಲೆ ನಿಂತಿತು. ಅಷ್ಟೆತ್ತರದ ಮನುಷ್ಯ ಮೆಟ್ಟಿಲ ಮೇಲೆ ಕೂತ.

ಬೆಕ್ಕು ಎದ್ದು ಕಾಲೆಳೆಯುತ್ತಾ ಹಜಾರಕ್ಕೆ ಹೋದ. ಪೆಟ್ಟಿಗೆಯ ಪಕ್ಕ ಮೇಷ್ಟ್ರ ಹೆಂಡತಿ ಒಬ್ಬರೇ ಇದ್ದರು. ಅಂಗಳದ ಮಾತು ಅವರಿಗೂ ಕೇಳಿಸಿತ್ತು.

"ನಿಜಾನಾ ಅಮ್ಮ?"

"ನಿಜ ಕಣಪ್ಪ."

"ಎಲ್ರಿಗೂ ಗೊತ್ತಿತ್ತು."

"ನಿನ್ನೊಬ್ಬನ್ನ ಬಿಟ್ಟು."

ಅವನು ಪೆಟ್ಟಿಗೆಯೊಳಗೆ ನೋಡಲಿಲ್ಲ. ಹೊಲಿಗೆ ಯಂತ್ರದ ಚಕ್ರ ನೋಡುತ್ತಾ ಹೇಳಿದ, ಒಂದೊಂದೇ ಮಾತು ಹೆಕ್ಕಿ:

"ನಾನೇ ತಪ್ಪು ಮಾಡ್ದೆ ಅಂದ್ಕೊಂಡಿದ್ದೆ. ಸರಿಯಾಗಿ ಬೀಳ್ಲಿಲ್ಲ ಅಂತ. ನನ್ನಪ್ಪ ಸಾಯೋವರೆಗೂ ಪಂಪ್‌ಹೌಸ್‌ಗೆ ಬಂದಾಗೆಲ್ಲ ಅದನ್ನೇ ಅಂದ. ಯಾವನು ನಿನಗೆ ತಲೆ ಒಳಗೆ ಹಾಕು ಅಂದಿದ್ದು ಅಂತ. ಮೇಷ್ಟ್ರು ಅಲ್ಲೇ ಕೂತಿರ್ತಿದ್ರು ಅಮ್ಮ. ಎಲೆ ಹಿಡ್ಕೊಂಡು. ಸುಮ್ಮನಿರ್ತಿದ್ರು."

ಇದು ಅವರಿಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿದರು, ಆಮೇಲೆ ಹೊದಿಕೆಯನ್ನು ಸರಿಪಡಿಸಲು ಹೋಗಿ ಕೈ ಹಿಂದೆಗೆದುಕೊಂಡರು.

"ಹೇಳ್ಬೇಕು ಅಂತಾನೇ ಬರ್ತಿದ್ರು. ವಾಪಸ್ ಬಂದು ಚಪ್ಪಲಿ ಬಿಡೋ ಸದ್ದಲ್ಲೇ ನನಗೆ ಗೊತ್ತಾಗ್ತಿತ್ತು, ಹೇಳಿಲ್ಲ ಅಂತ. 'ಇವತ್ತು ನಗ್ತಿದ್ದ ಕಣೇ, ಹೇಗೆ ಹೇಳ್ಲಿ' ಅನ್ನೋರು."

"ನೀವು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು." ಅವರು ಬೆಂಚಿನ ತುದಿಯಲ್ಲಿ ಕೂತರು. "ನೀನು ಬಾಗಿಲು ಹಾಕ್ಬಿಟ್ರೆ ಈ ಮನುಷ್ಯ ಉಳಿಯೋಲ್ಲ ಅಂತ ಹೆದರ್ದೆ. ನನ್ನ ಗಂಡನ್ನ ಉಳಿಸ್ಕೊಂಡೆ. ನಿನ್ನ ಬಗ್ಗೆ ಯೋಚನೆ ಮಾಡ್ಲಿಲ್ಲ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

"ಕೇಳ್ಬೇಡಿ," ಎಂದ ಬೆಕ್ಕು. ಬಾಗಿಲ ಬಳಿ ನಿಂತು, ಬೆನ್ನು ತಿರುಗಿಸಿಕೊಂಡೇ ಹೇಳಿದ: "ನಾನು ಹೊರೋಲ್ಲ."

*

ಅವನ ಜಾಗಕ್ಕೆ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹೆಗಲು ಕೊಟ್ಟಳು. ಹತ್ತೊಂಬತ್ತರ ಆಕೆ ಮೇಷ್ಟ್ರ ಕೊನೆಯ ಶಿಷ್ಯೆ. ಹೆಂಗಸರ ತಂಡದ ಕೀಪರ್. ಅಂದು ಮಧ್ಯಾಹ್ನ ಮೂರಕ್ಕೆ ಪಂದ್ಯವಿತ್ತು. ಮುಂದೂಡಿ ಎಂದು ಕ್ಲಬ್ಬಿನವರು ಕೇಳಿಕೊಂಡರೂ ಆಗಿರಲಿಲ್ಲ.

"ಹೆಗಲು ಉಳಿಸ್ಕೊಳ್ಳಮ್ಮ, ಆಟ ಇದೆ," ಎಂದ ಶಾಲೆ ಮೇಷ್ಟ್ರು.

"ಈ ಹೆಗಲು ಅವರೇ ಮಾಡಿಕೊಟ್ಟಿದ್ದಲ್ವಾ?" ಎಂದು ಅವಳು ಪೆಟ್ಟಿಗೆಯ ಕೆಳಗೆ ಕತ್ತು ತೂರಿಸಿದಳು.

ಸ್ಮಶಾನಕ್ಕೆ ಒಂದು ಮೈಲಿ. ಬೆಕ್ಕು ಎಲ್ಲರಿಗಿಂತ ಹಿಂದೆ, ಐವತ್ತು ಹೆಜ್ಜೆ ಅಂತರ ಬಿಟ್ಟು ನಡೆದ. ಹೊರಟುಹೋಗುತ್ತಾನೆಂದು ಮಗಳು ಆಗಾಗ ತಿರುಗಿ ನೋಡಿದಳು. ಅವನು ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸುವಾಗ ಅವನು ಗೇಟಿನ ಆಚೆ ರಸ್ತೆಯಲ್ಲೇ ನಿಂತಿದ್ದ. ಏಣಿ ನಾಲ್ಕು ಮಾತು ಆಡಬೇಕಾಗಿತ್ತು. ಮುಂದೆ ಬಂದ, ಬಾಯಿ ತೆರೆದ, ಗೇಟಿನ ಕಡೆ ಕಣ್ಣು ಹೋಯಿತು. "ನನ್ನಿಂದಾಗೋಲ್ಲ" ಎಂದು ಹಿಂದೆ ಸರಿದ. ಕೊನೆಗೆ ಮೈದಾನದ ಮುದುಕನೇ ಹೇಳಿದ:

"ಒಳ್ಳೆ ಕೆಲಸಗಾರ. ಒಂದು ತಪ್ಪು ಮಾಡಿದ್ರು, ಅದನ್ನ ದಿನಾ ತಿದ್ದಿದ್ರು. ತಿದ್ದಬೇಕಾದ ಕಡೆ ತಿದ್ದಲಿಲ್ಲ. ಇಷ್ಟೇ ನನಗೆ ಗೊತ್ತಿರೋದು."

ಮಣ್ಣು ಬಿತ್ತು.

ಹೊರಗೆ ಬಂದಾಗ ಮೇಷ್ಟ್ರ ಹೆಂಡತಿ ಬೆಕ್ಕಿನ ಹತ್ತಿರ ಹೋದರು. "ಎಲ್ರೂ ಗ್ರೌಂಡಿಗೆ ಹೋಗ್ತಿದ್ದೀವಿ. ಆಟಕ್ಕೆ ಮೊದಲು ಒಂದು ನಿಮಿಷ ಎದ್ದು ನಿಲ್ತಾರಂತೆ. ಬರ್ತೀಯಾ?"

"ಇಲ್ಲ. ಬಸ್ಸಿದೆ."

ಬಸ್ಸು ನಿಲ್ಲುವುದು ಮೈದಾನದ ಬೇಲಿಯ ಪಕ್ಕದಲ್ಲೇ. ಶನಿವಾರ ಬಸ್ಸು ಕಮ್ಮಿ. ಎರಡು ಗಂಟೆ ಕಾದರೂ ಬರಲಿಲ್ಲ. ಮೂವತ್ತೊಂದು ವರ್ಷದ ಮೇಲೆ ಬೆಕ್ಕು ಆ ಕಂಬಗಳಿಗೆ ಬೆನ್ನು ಹಾಕಿ ತಂಗುದಾಣದ ಕಲ್ಲಿನ ಮೇಲೆ ಕೂತಿದ್ದ. ಒಳಗೆ ಒಂದು ನಿಮಿಷದ ಮೌನ ಆಯಿತು. ಸೀಟಿ ಮೊಳಗಿತು. ಕೂಗು, ಚಪ್ಪಾಳೆ, ಬಡಿತ. 'ನನ್ನದು!' ಎಂಬ ಹುಡುಗಿಯ ಕೂಗು ಬೇಲಿ ದಾಟಿ ಬೀದಿಗೆ ಕೇಳಿಸಿತು. ಮೂರನೆಯ ಸಲ ಆ ಕೂಗು ಕೇಳಿದಾಗ ಅವನು ಕಲ್ಲಿನ ಮೇಲೆ ಈ ಕಡೆ ತಿರುಗಿ ಕೂತ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ಕ್ಲಬ್ಬು ಒಂದು ಗೋಲು ಮುಂದಿತ್ತು. ಬೇಕರಿ ಹುಡುಗಿ ಮೇಲೆ ಎಗರಿ ಚೆಂಡು ಗುದ್ದಿದಳು. ಇಳಿಯುವಾಗ ಎದುರಾಳಿಯ ತಲೆ ಅವಳ ಹಣೆಯ ಪಕ್ಕಕ್ಕೆ ಬಡಿಯಿತು. ಬಿದ್ದದ್ದು ಚೆನ್ನಾಗಿಯೇ, ಚಾಪೆ ಬಿಚ್ಚಿದ ಹಾಗೆ. ಆದರೆ ಎದ್ದು ಕೂತವಳು ನೆಲಕ್ಕೆ ಕೈ ಊರಿಕೊಂಡು ಹಾಗೇ ಉಳಿದಳು.

ಮೈದಾನದ ಸುತ್ತ ನಿಂತಿದ್ದ ಹಳೆಯ ಕೀಪರ್‌ಗಳೆಲ್ಲ ಒಂದು ಗಳಿಗೆ ಗೋಲಿನ ಹಿಂದೆ ನೋಡಿದರು. ಅಲ್ಲಿಂದ ಕೂಗು ಬರಬೇಕಾಗಿತ್ತು. ಇಪ್ಪತ್ತೈದು ವರ್ಷ ಆ ಮಾತನ್ನು ಇನ್ನೊಬ್ಬರು ಹೇಳುವ ಪ್ರಸಂಗವೇ ಬಂದಿರಲಿಲ್ಲ. ತಂಡದ ಕೋಚ್ ಗೆರೆಯ ಆಚೆಯಿಂದ ಕೇಳಿದ:

"ಏನಮ್ಮ, ಆಗುತ್ತಾ? ಇನ್ನು ಹತ್ತೇ ನಿಮಿಷ. ಬದಲಿ ಕೀಪರ್‌ಗೆ ಜ್ವರ, ಬಂದಿಲ್ಲ."

"ಏನೂ ಆಗಿಲ್ಲ ಸಾರ್," ಎಂದಳು ಹುಡುಗಿ, ಎದ್ದು ನಿಂತು. "ಮೇಷ್ಟ್ರಿಗೋಸ್ಕರ ಗೆಲ್ಬೇಕು."

ಮೇಷ್ಟ್ರ ಹೆಂಡತಿ ಬೆಂಚಿನಿಂದ ಎದ್ದರು. ಮಗಳೂ ಎದ್ದಳು. ಅವರು ಗೆರೆ ಮುಟ್ಟುವ ಮೊದಲೇ ಬೇಲಿಯ ಸಂದಿನಿಂದ ಒಬ್ಬ ಮನುಷ್ಯ ಬಲಗಾಲು ಎಳೆಯುತ್ತಾ ಮೈದಾನದೊಳಕ್ಕೆ ಬಂದಿದ್ದ. ಓಡಲು ಹೋಗಿ ಮುಗ್ಗರಿಸಿದ, ಮತ್ತೆ ನಡೆದ. ಯಾರನ್ನೂ ನೋಡದೆ ಗೋಲಿನ ಬಾಯಿಗೆ ಹೋಗಿ ಎಡಗೈಯಿಂದ ಹುಡುಗಿಯ ಮಣಿಕಟ್ಟು ಹಿಡಿದ.

"ಹೊರಗೆ ಬಾ."

"ಏನೂ ಆಗಿಲ್ಲ ಅಂದೆನಲ್ಲ!"

"ಹೂಂ. ಬಾ."

ರೆಫರಿ ಸೀಟಿ ಊದಿಕೊಂಡು ಓಡಿ ಬಂದರು. ಕೋಚ್ ಕೂಗಿದ: "ರೀ, ಯಾರ್ರೀ ನೀವು? ಒಳಗೆ ಬರೋಕೆ ಯಾರ್ರೀ ನೀವು?"

ಬೆಕ್ಕಿನ ತುಟಿ ಅಲುಗಿತು. ಮಾತು ಬರಲಿಲ್ಲ. ಇಪ್ಪತ್ತೊಂದು ಹುಡುಗಿಯರು, ರೆಫರಿ, ಬೇಲಿಯ ಸುತ್ತಲಿನ ಜನ, ಎಲ್ಲರೂ ಕಾದರು.

"ಕೀಪರ್," ಎಂದ.

ರೆಫರಿ ಅವನ ಮುಖ ನೋಡಿದರು, ಹುಡುಗಿಯ ಹಣೆ ನೋಡಿದರು, ದಾರಿ ಬಿಟ್ಟರು.

ಮೈದಾನದ ನಡುಭಾಗದಲ್ಲಿ ಆಡುತ್ತಿದ್ದ ಗಿಡ್ಡ ಹುಡುಗಿಯೊಬ್ಬಳು ಕೈಗವಸು ತೊಟ್ಟು ಗೋಲಿಗೆ ನಿಂತಳು. ಬೆಕ್ಕು ಬೇಕರಿ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತ. ಅವಳು ಅಳುತ್ತಿದ್ದಳು, "ಬಿಡಿ, ನೀವು ಯಾರು ನನ್ನ ತಡಿಯೋಕೆ, ಬಿಡಿ" ಎಂದು ಕೈ ಕೊಸರುತ್ತಿದ್ದಳು. ಮೇಷ್ಟ್ರ ಮಗಳು ಅವಳ ಎದುರು ಮಂಡಿಯೂರಿ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಮೇಷ್ಟ್ರ ಹೆಂಡತಿ ಸ್ವಲ್ಪ ದೂರದಲ್ಲಿ ನಿಂತಿದ್ದರು, ಹತ್ತಿರ ಹೋಗಲಿಲ್ಲ. ಬೆನ್ನ ಹಿಂದೆ ಮೈದಾನ ಒಮ್ಮೆಲೇ ಭೋರ್ಗರೆಯಿತು. ಎದುರಾಳಿಗಳು ಗೋಲು ಹೊಡೆದಿದ್ದರು. ಹುಡುಗಿ ಎಗರಿ ಏಳಲು ನೋಡಿದಳು, ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಭೋರ್ಗರೆತ.

ಬೇಲಿಯ ಆಚೆ ಬಸ್ಸು ಬಂದು ನಿಂತಿತು. ಎರಡು ಸಲ ಹಾರನ್ ಹೊಡೆಯಿತು. ಬೆಕ್ಕು ತಿರುಗಿ ನೋಡಲಿಲ್ಲ. ತನ್ನ ಎಡಗೈಯೊಳಗೆ ಬಿಸಿಯಾಗಿ ಬಡಿದುಕೊಳ್ಳುತ್ತಿದ್ದ ನಾಡಿಯನ್ನು ಹಿಡಿದು ಕೂತೇ ಇದ್ದ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟುಹೋಯಿತು.